‘ಮೈನರ್’ ಪಶುವೈದ್ಯ ಸೇವೆಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ.

ನಮ್ಮೂರ ಹಾಲಿನ ಡೈರಿಯ ಗೋಡೆಗೆ ಅಂಟಿಸಲು ಒಂದು ಪುಟ ಬರೆದುಕೊಡಿ ಎಂದು ಕಾರ್ಯದರ್ಶಿ ಕೇಳಿದ್ದಾರೆ. ದನಕ್ಕೆ ಮದ್ದು ಮಾಡುವವರಲ್ಲಿ ಯಾರು ಯಾವ ಕೆಲಸ ಮಾಡಬಹುದು, ಯಾರ ಸಹಿ ಎಲ್ಲಿ ನಡೆಯುತ್ತದೆ, ಇಷ್ಟೇ ವಿಷಯ. ಅರ್ಧ ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಮೂರು ವಾರವಾಯಿತು, ಒಂದೆರಡು ಪದಗಳಿಗೆ ಸಿಕ್ಕಿ ಒದ್ದಾಡುತ್ತಿದ್ದೇನೆ.

ಈ ಪುಟಕ್ಕೆ ಕಾರಣ ನಮ್ಮ ಚಿಕ್ಕಮ್ಮನ ಹಸು. ಕಳೆದ ಆಷಾಢದಲ್ಲಿ ಹೊಟ್ಟೆ ಉಬ್ಬರಿಸಿ ಸತ್ತಿತು. ಕಿವಿಯಲ್ಲಿ ಗುರುತಿನ ಓಲೆ ಇತ್ತು, ವಿಮೆ ಕಟ್ಟಿತ್ತು. ‘ಡಾಕ್ಟ್ರು’ ಬಂದು ನೋಡಿ ಕಾಗದ ಬರೆದುಕೊಟ್ಟರು, ಸಂಜೆಗೆ ಹೂತಾಯಿತು. ತಿಂಗಳಾದ ಮೇಲೆ ವಿಮೆಯವರು ಕಾಗದ ವಾಪಸ್ ಕಳಿಸಿದರು: ಸಹಿ ಮಾಡಿದವರು ನೋಂದಾಯಿತ ಪಶುವೈದ್ಯರಲ್ಲ. ಮರಣೋತ್ತರ ಪರೀಕ್ಷೆ ಮಾಡಿಸೋಣವೆಂದರೆ ಮಣ್ಣಲ್ಲಿ ಏನುಳಿದಿರುತ್ತದೆ? “ಬಂದಿದ್ದು ಡಾಕ್ಟ್ರೇ ಅಲ್ವೇನೋ?” ಎಂದು ಚಿಕ್ಕಮ್ಮ ನನ್ನನ್ನು ಕೇಳಿದರು. ಬಂದವರು ಸುಳ್ಳು ಹೇಳಿರಲಿಲ್ಲ, ತಾನು ಡಾಕ್ಟರೆಂದು ಎಲ್ಲೂ ಬರೆದುಕೊಂಡಿರಲೂ ಇಲ್ಲ. ಊರೇ ಹಾಗೆ ಕರೆಯುತ್ತಿತ್ತು, ಅಷ್ಟೆ.

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ 30ನೇ ಸೆಕ್ಷನ್ ಇದನ್ನೆಲ್ಲ ನೇರವಾಗಿಯೇ ಹೇಳುತ್ತದೆ. ಮಾನ್ಯತೆ ಇರುವ ಪದವಿ ಪಡೆದು, ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿದವರು ಮಾತ್ರ ಪಶುವೈದ್ಯ ವೃತ್ತಿ ಮಾಡಬಹುದು, ಜಾನುವಾರಿನ ಆರೋಗ್ಯದ ಪ್ರಮಾಣಪತ್ರಕ್ಕೆ ಸಹಿ ಹಾಕಬಹುದು, ಕೋರ್ಟಿನಲ್ಲಿ ತಜ್ಞರಾಗಿ ಸಾಕ್ಷಿ ನುಡಿಯಬಹುದು. ಈ ಸೆಕ್ಷನ್ನಿಗೊಂದು ಬಾಲವಿದೆ. ಸ್ಟಾಕ್‌ಮನ್, ಸ್ಟಾಕ್ ಅಸಿಸ್ಟೆಂಟ್ (ಇಲ್ಲಿ ಸ್ಟಾಕ್ ಎಂದರೆ ಜಾನುವಾರು) ಮುಂತಾದ ಡಿಪ್ಲೊಮಾ ಇಲ್ಲವೇ ಸರ್ಟಿಫಿಕೇಟ್ ಇದ್ದವರು, ರಾಜ್ಯ ಸರ್ಕಾರದ ಆದೇಶವಿದ್ದರೆ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ‘ಮೈನರ್ ವೆಟರಿನರಿ ಸರ್ವಿಸಸ್’ ಕೊಡಬಹುದು. ಲಸಿಕೆ ಹಾಕುವುದು, ಹೋರಿಯ ಬೀಜ ಒಡೆಯುವುದು, ಗಾಯ ತೊಳೆದು ಕಟ್ಟುವುದು: ಕಾಯ್ದೆಯೇ ಉದಾಹರಣೆ ಕೊಟ್ಟ ಮೂರು ಕೆಲಸಗಳಿವು. ಇನ್ನೇನೇನು ಸೇರಬೇಕೆಂಬುದನ್ನು ರಾಜ್ಯಗಳೇ ಅಧಿಸೂಚನೆ ಹೊರಡಿಸಿ ಹೇಳಬಹುದು.

ಈ ‘ಮೈನರ್’ಗೆ ಏನನ್ನುವುದು? ಸರ್ಕಾರಿ ಕನ್ನಡವನ್ನು ಕೇಳಿದರೆ ಒಂದೊಂದು ಇಲಾಖೆ ಒಂದೊಂದು ಉತ್ತರ ಕೊಡುತ್ತದೆ. ನೀರಾವರಿಯವರಿಗೆ ಅದು ‘ಸಣ್ಣ’ (ಸಣ್ಣ ನೀರಾವರಿ). ಅರಣ್ಯದವರಿಗೆ ‘ಕಿರು’ (ಕಿರು ಅರಣ್ಯ ಉತ್ಪನ್ನ). ಗಣಿಯವರಿಗೆ ‘ಉಪ’ (ಉಪ ಖನಿಜ). ಕೋರ್ಟಿನವರಿಗೆ ‘ಅಪ್ರಾಪ್ತ’. ನಾಲ್ಕೂ ಆಯಾ ಜಾಗದಲ್ಲಿ ಚೆನ್ನಾಗಿಯೇ ಕೂತಿವೆ, ಕಿತ್ತು ಇಲ್ಲಿ ನೆಟ್ಟರೆ ಮಾತ್ರ ಚಿಗುರುವುದಿಲ್ಲ. ‘ಉಪ ಪಶುವೈದ್ಯ ಸೇವೆ’ ಅಂದರೆ ಉಪನಿರ್ದೇಶಕರ ಕಚೇರಿಯ ನೆನಪಾಗುತ್ತದೆ. ‘ಲಘು’ ಅಂದರೆ ಲಘು ಉಪಾಹಾರ. ‘ಪ್ರಥಮ ಚಿಕಿತ್ಸೆ’ ಹತ್ತಿರ ಬರುತ್ತದೆ, ಆದರೆ ಲಸಿಕೆ ಹಾಕುವುದು ಪ್ರಥಮ ಚಿಕಿತ್ಸೆಯಲ್ಲವಲ್ಲ. ‘ಪ್ರಾಥಮಿಕ’ ಎನ್ನೋಣವೆಂದರೆ ಇಲಾಖೆಯ ‘ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರ’ ಆಗಲೇ ಆ ಜಾಗ ಹಿಡಿದಿದೆ, ಓದುವವರು ಕಟ್ಟಡದ ಮಾತೆಂದುಕೊಂಡಾರು. ಸದ್ಯಕ್ಕೆ ‘ಸಣ್ಣ ಪಶುವೈದ್ಯ ಸೇವೆ’ ಎಂದು ಬರೆದಿಟ್ಟಿದ್ದೇನೆ.

ಬೀಜ ಒಡೆಯುವುದಕ್ಕೆ ‘ಕಸಿ’ ಎಂದೂ ಬರೆಯುತ್ತಾರೆ. ಹಿಂದಿಯವರು ಖಸ್ಸಿ ಮೇಕೆ ಎನ್ನುತ್ತಾರಲ್ಲ, ಅದೇ. ಆದರೆ ಮಾವಿನ ತೋಟದ ಊರಿನಲ್ಲಿ ‘ಕಸಿ ಮಾಡಲು ಇವರನ್ನು ಸಂಪರ್ಕಿಸಿ’ ಎಂದು ಡೈರಿಯಲ್ಲಿ ಅಂಟಿಸಿದರೆ ಸಸಿ ಹಿಡಿದುಕೊಂಡು ಬಂದಾರು. ಬೀಜ ಒಡೆಯುವುದೆಂದೇ ಬರೆದೆ. ಬರ್ಡಿಜೊ ಇಕ್ಕಳದಲ್ಲಿ ಚರ್ಮ ಕುಯ್ಯದೆ ಬೀಜಕ್ಕೆ ಹೋಗುವ ನಾಳಗಳನ್ನಷ್ಟೇ ಅಮುಕುವುದರಿಂದ ಇಲ್ಲಿ ಯಾವ ಬೀಜವೂ ಒಡೆಯುವುದಿಲ್ಲ. ಮಾತು ಹಳೆಯ ಪದ್ಧತಿಯದು, ಇರಲಿ.

ಎರಡನೆಯ ತೊಡಕು ‘ವೈದ್ಯ’ದ್ದೇ. ಕನ್ನಡದಲ್ಲಿ ಈ ಪದ ಆಳಿಗೂ ಆಗುತ್ತದೆ, ಅವನ ಕಸುಬಿಗೂ ಆಗುತ್ತದೆ. ‘ನಾಟಿ ವೈದ್ಯ ಬಂದ’, ‘ನಾಟಿ ವೈದ್ಯ ಮಾಡಿಸಿದೆ’ ಎರಡೂ ಸರಿ. ಚಾಲುಕ್ಯರ ಕಾಲದ ಕೀರ್ತಿವರ್ಮ ತನ್ನ ಗ್ರಂಥಕ್ಕೆ ‘ಗೋವೈದ್ಯ’ ಎಂದು ಹೆಸರಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ವಿದ್ಯೆ, ದನದ ಡಾಕ್ಟರಲ್ಲ. ಈಗ ವಿದ್ಯೆಯ ಅರ್ಥವನ್ನು ‘ವೈದ್ಯಕೀಯ’ಕ್ಕೆ ಬಿಟ್ಟುಕೊಟ್ಟಿದ್ದೇವೆ. ಅದರ ಫಲವಾಗಿ ‘ಪಶುವೈದ್ಯಕೀಯ ವೈದ್ಯರು’ ಎಂಬ ಬೋರ್ಡನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಗಂಟಲಲ್ಲಿ ಮುಳ್ಳು ಸಿಕ್ಕ ಹಾಗಿದೆ ಅದನ್ನು ಓದಿದರೆ.

‘ಪಶುವೈದ್ಯಾಧಿಕಾರಿ’ ಹುದ್ದೆಯ ಹೆಸರು, ‘ಪಶುವೈದ್ಯ’ ಅರ್ಹತೆಯ ಹೆಸರು. ನಿವೃತ್ತಿಯಾದರೆ ಮೊದಲನೆಯದು ಹೋಗುತ್ತದೆ, ನೋಂದಣಿ ಚಾಲ್ತಿಯಲ್ಲಿಟ್ಟುಕೊಂಡರೆ ಎರಡನೆಯದು ಉಳಿಯುತ್ತದೆ. ‘ಪಶುವೈದ್ಯಕೀಯ ಪರೀಕ್ಷಕರು’ ಹುದ್ದೆಯಲ್ಲಿರುವವರು ಡಿಪ್ಲೊಮಾದವರು, ಹೆಸರಿನೊಳಗೆ ‘ಪಶುವೈದ್ಯ’ ಇರುವುದರಿಂದ ಜನಕ್ಕೆ ಅವರೂ ಡಾಕ್ಟ್ರೇ. ಹಳಬರು ‘ಕಾಂಪೌಂಡ್ರು’, ‘ಇನ್ಸ್‌ಪೆಕ್ಟ್ರು’ ಎಂದು ಬೇರೆಬೇರೆಯಾಗಿ ಕರೆಯುತ್ತಿದ್ದರು, ಅದರಲ್ಲಿ ಗೊಂದಲ ಕಡಿಮೆಯಿತ್ತು. ಈಚಿನ ಹೆಸರುಗಳಲ್ಲಿ ನನಗೆ ಹಿಡಿಸಿದ್ದು ‘ಪಶು ಸಖಿ’, ಅಂದರೆ ಜಾನುವಾರು ಆರೈಕೆಯ ತರಬೇತಿ ಪಡೆದ ಊರಿನ ಹೆಣ್ಣುಮಗಳು. ಸಖಿಯನ್ನು ಯಾರೂ ಸರ್ಜನ್ ಅಂದುಕೊಳ್ಳುವುದಿಲ್ಲ.

ಇನ್ನೊಂದು, ಕಾರ್ಯದರ್ಶಿಗಳು ‘ಪರಿಷತ್ತಿನ ಸದಸ್ಯರಾದ ಪಶುವೈದ್ಯರು’ ಎಂದು ಬರೆಯಿರಿ ಎನ್ನುತ್ತಾರೆ. ಡೈರಿಗೆ ಷೇರು ಕಟ್ಟಿದವರೆಲ್ಲ ಸದಸ್ಯರಾಗಿರುವುದರಿಂದ ಅವರಿಗೆ ಹಾಗೆ ಅನ್ನಿಸುವುದು ಸಹಜ. ಇಲ್ಲಿ ಹಾಗಲ್ಲ. ಶುಲ್ಕ ಕಟ್ಟಿ ರಿಜಿಸ್ಟರಿಗೆ ಸೇರಿದವರು ‘ನೋಂದಾಯಿತರು’. ಸದಸ್ಯರೆಂದರೆ ಪರಿಷತ್ತಿನಲ್ಲಿ ಕೂರುವ ಕೆಲವೇ ಮಂದಿ. ಅವರಲ್ಲಿ ಒಂದಷ್ಟು ಜನರನ್ನು ನೋಂದಾಯಿತರೇ ತಮ್ಮೊಳಗಿಂದ ಚುನಾಯಿಸುತ್ತಾರೆ. ಇಂಟರ್ನ್‌ಶಿಪ್ ಮಾಡುತ್ತಿರುವ ಹುಡುಗರದು ತಾತ್ಕಾಲಿಕ ನೋಂದಣಿ. ಅದನ್ನು ಪುಟದಲ್ಲಿ ಸೇರಿಸಿಲ್ಲ, ನಮ್ಮೂರಿಗೆ ಅವರು ಬರುವುದೂ ಇಲ್ಲ.

‘ನೋಂದಣಿ’ ಮರಾಠಿಯಿಂದ ಬಂದ ಪದ, ಅಲ್ಲಿ ‘ನೋಂದ್’ ಎಂದರೆ ದಾಖಲೆ. ದಯವಿಟ್ಟು ಯಾರೂ ‘ನೊಂದಾಯಿತ’ ಎಂದು ಗಿಡ್ಡ ಮಾಡಬೇಡಿ. ಮೊದಲ ಕರಡನ್ನು ಟೈಪ್ ಮಾಡಿದ ಹುಡುಗ ‘ನೊಂದ ಪಶುವೈದ್ಯರು’ ಎಂದೇ ಹಾಕಿದ್ದ. ಖಾಲಿ ಹುದ್ದೆಗಳ ಲೆಕ್ಕದಲ್ಲಿ ನಾಲ್ಕು ಊರಿನ ಆಸ್ಪತ್ರೆ ಒಬ್ಬರೇ ನೋಡಿಕೊಳ್ಳುವಾಗ ಅದೂ ನಿಜವಿರಬಹುದು, ಗೋಡೆಗೆ ಅಂಟಿಸುವಂಥದ್ದಲ್ಲ.

ಕೊನೆಗೆ ಹೀಗೆ ನಿಂತಿದೆ: ‘ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಕಟ್ಟುವುದು ಮುಂತಾದ ಸಣ್ಣ ಪಶುವೈದ್ಯ ಸೇವೆಯನ್ನು ಪರೀಕ್ಷಕರಿಂದ ಪಡೆಯಬಹುದು. ವಿಮೆ, ಆರೋಗ್ಯ ಪ್ರಮಾಣಪತ್ರ, ಮರಣೋತ್ತರ ವರದಿಗೆ ನೋಂದಾಯಿತ ಪಶುವೈದ್ಯರ ಸಹಿ, ನೋಂದಣಿ ಸಂಖ್ಯೆ ಎರಡೂ ಇರಬೇಕು.’

ನಿನ್ನೆ ಇದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಎರಡನೆಯ ವಾಕ್ಯ ಅವರಿಗೆ ಥಟ್ಟನೆ ಅರ್ಥವಾಯಿತು. ಮೊದಲನೆಯದಕ್ಕೆ, “ಗಾಯ ಕಟ್ಟೋದು ಸಣ್ಣದಾ? ಹುಳ ಬಿದ್ದ ಗಾಯ ನೋಡಿದೀಯಾ ನೀನು?” ಎಂದರು. ಹಾಗಾಗಿ ‘ಸಣ್ಣ’ವನ್ನೂ ಹೊಡೆದುಹಾಕಿ ಕೂತಿದ್ದೇನೆ. ಬಲ್ಲವರು ನಿಮ್ಮ ಕಡೆಯ ಪದವಿದ್ದರೆ ತಿಳಿಸಿ. ಸೋಮವಾರದೊಳಗೆ ಮುದ್ರಣಕ್ಕೆ ಕೊಡಬೇಕು.