41ರ ಪಕ್ಕದ ಗುಂಡಿ: ಕಾಂಕ್ರೀಟ್ ಹಾಕೋ ಮುಂಚೆ ತಪಾಸಣೆ ಆಗಬೇಕು

ಮನೆ 41, 4ನೇ ಕ್ರಾಸ್ (ರಾತ್ರಿ 7.50)
ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಸೈಟಲ್ಲಿ ಹಳೇ ಮನೆ ಒಡೆದು ಸೆಲ್ಲಾರ್‌ಗೆ ಮಣ್ಣು ತೆಗೀತಿರೋದು ನಿಮಗೆ ಗೊತ್ತು. ನಿನ್ನೆ ಜೆಸಿಬಿ ನಮ್ಮ ಕಾಂಪೌಂಡಿಂದ ಒಂದೇ ಗೇಣು ಬಿಟ್ಟು ಅಗೆದಿದೆ. ಹತ್ತು ಅಡಿ ಆಳ ಆಗಿದೆ. ಇವತ್ತು ಬೆಳಗ್ಗೆ ಅಮ್ಮನ ರೂಮಲ್ಲಿ ಕಸ ಗುಡಿಸೋವಾಗ ನೆಲದ ಮೇಲೆಲ್ಲ ಸುಣ್ಣದ ಪುಡಿ. ತಲೆ ಎತ್ತಿದ್ರೆ ಕಿಟಕಿ ಮೂಲೆಯಿಂದ ಸಜ್ಜಾವರೆಗೂ ಓರೆಯಾಗಿ ಬಿರುಕು. ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುತ್ತೆ. ಫೋಟೋ ಹಾಕಿದ್ದೀನಿ. ಹೋದ ವಾರವೇ ಪಾಲಿಕೆ ಕಚೇರಿಗೆ ಫೋನ್ ಮಾಡಿ ಹೇಳಿದ್ದೆ, ಯಾರೂ ಬರಲಿಲ್ಲ.

ಮನೆ 36 (7.58)
ಮೇಡಂ, ಪಕ್ಕದಲ್ಲಿ ಕಟ್ಟಡ ಕೆಲಸ ನಡೆದ್ರೆ ಸಣ್ಣಪುಟ್ಟ ಬಿರುಕು ಬರುತ್ತೆ. ಮಾಲೀಕರ ಹತ್ರ ಮಾತಾಡಿದ್ರೆ ಪ್ಲಾಸ್ಟರ್ ಮಾಡಿಸಿಕೊಡ್ತಾರೆ. ಬರವಣಿಗೆಲಿ ದೂರು ಕೊಟ್ರೆ ನಾಳೆ ನಮ್ಮೆಲ್ಲರ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಜಾಗ) ಅಳೆಯೋಕೂ ಬರ್ತಾರೆ, ಯೋಚನೆ ಮಾಡಿ.

ಮನೆ 22 (8.10)
ಇದು ಪ್ಲಾಸ್ಟರ್ ಬಿರುಕಲ್ಲ. ಪ್ಲಾಸ್ಟರ್ ಒಣಗಿ ಬರೋ ಬಿರುಕು ಕೂದಲೆಳೆ ಹಾಗೆ, ಜೇಡರ ಬಲೆ ಥರ ಇರುತ್ತೆ. ಮೂಲೆಯಿಂದ ಹೀಗೆ ಓರೆಗೆ ಏರಿದ್ರೆ ಪಾಯ ಒಂದು ಕಡೆಗೆ ಕೂರ್ತಿರಬಹುದು ಅಂತ ಅನುಮಾನ ಪಡಲೇಬೇಕು. ಸಂಜೆ ವಾಕಿಂಗ್ ಹೋದಾಗ ನಾನೂ ಗುಂಡಿ ನೋಡಿದೆ. ಒಂದೂವರೆ ಮೀಟರ್ ದಾಟಿದ ಮೇಲೆ ಪಕ್ಕದ ಮಣ್ಣಿಗೆ ಆಸರೆ ಕೊಡಬೇಕು, ಐಎಸ್ 3764 ಅನ್ನೋ ಭಾರತೀಯ ಮಾನಕ ಇರೋದೇ ಮಣ್ಣು ಅಗೆಯೋ ಕೆಲಸದ ಸುರಕ್ಷತೆಗೆ. ಅಲ್ಲಿ ಒಂದು ಹಲಗೆ, ಒಂದು ಸರ್ವೆ ಮರ ನಿಲ್ಲಿಸಿಲ್ಲ. ತೆಗೆದ ಮಣ್ಣನ್ನೂ ಅಂಚಿಗೇ ಗುಡ್ಡೆ ಹಾಕಿದ್ದಾರೆ, ಆ ಭಾರವೂ ಅದೇ ಗೋಡೆ ಕಡೆಗೆ ಒತ್ತುತ್ತೆ. ಅಮ್ಮಾ, ನಾನು ಈಗಲೇ ಬರ್ತೀನಿ. ಎರಡು ಗಾಜಿನ ಚೂರು ಇದ್ರೆ ತೆಗೆದಿಡಿ.

ಮನೆ 57 (8.31)
ನಾ ಧಾರವಾಡದಾಕಿ. 2019ರ ಮಾರ್ಚ್ 19ಕ್ಕ ಕುಮಾರೇಶ್ವರ ನಗರದಾಗ ಕಟ್ಟಡ ಬಿದ್ದಾಗ ತವರುಮನ್ಯಾಗ ಇದ್ದೆ. ಕಟ್ಟೂದು ಪೂರಾ ಮುಗಿದಿರಲಿಲ್ಲ, ಕೆಳಗ ಅಂಗಡಿ ಚಾಲೂ ಆಗಿದ್ವು. 19 ಮಂದಿ ಹೋದ್ರು. ದಿನಗಟ್ಟಲೆ ಒಳಗಿಂದ ಯಾರರೆ ಜೀವಂತ ಬರ್ತಾರೇನು ಅಂತ ಊರಿಗೆ ಊರೇ ಕಾದಿತ್ತು. ಅಣ್ಣಾರ, ಸೆಟ್‌ಬ್ಯಾಕ್ ಅಳೀಲಿ ಬಿಡ್ರಿ. ನಮ್ಮದೂ ಅಳೀಲಿ.

ಸಂಘದ ಕಾರ್ಯದರ್ಶಿ (8.44)
57ರ ಅಕ್ಕ ಹೇಳಿದ್ದು ಸರಿ. ನಮ್ಮ ಬೆಂಗಳೂರಲ್ಲೇ 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಜನ ಸತ್ತರು. ಅದಾಗಿ ಎರಡು ತಿಂಗಳೊಳಗೆ, ಡಿಸೆಂಬರ್ 17ಕ್ಕೆ, ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಇಡೀ ದೇಶಕ್ಕೆ ನಿರ್ದೇಶನ ಕೊಟ್ಟಿದೆ: ಮಂಜೂರಾದ ನಕ್ಷೆ ಕೆಲಸ ಮುಗಿಯೋ ತನಕ ಸೈಟಲ್ಲೇ ಕಾಣೋ ಹಾಗೆ ಹಾಕಿರಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು, ಕಟ್ಟಡ ಪೂರ್ಣಗೊಂಡಿದೆ ಅನ್ನೋ ಪ್ರಮಾಣಪತ್ರ ಇಲ್ಲದೆ ಕರೆಂಟು ನೀರು ಕೊಡಬಾರದು. ಇಲ್ಲಿ ನಕ್ಷೆ ಬೋರ್ಡ್ ಯಾರಾದ್ರೂ ನೋಡಿದ್ದೀರಾ?

ಮನೆ 63 (8.49)
ಇಲ್ಲ ಸರ್. ಗೇಟಿಗೆ ಸಿಮೆಂಟ್ ಕಂಪನಿ ಫ್ಲೆಕ್ಸ್ ಬಿಟ್ರೆ ಏನೂ ಇಲ್ಲ. ಇನ್ನೊಂದು ವಿಷಯ, ಗುಂಡಿ ಅಂಚಿಗೇ ನೀಲಿ ಟಾರ್ಪಾಲ್ ಶೆಡ್ಡಿದೆ. ಅಲ್ಲಿ ಎರಡು ಸಂಸಾರ ಮಲಗ್ತಾರೆ, ಚಿಕ್ಕ ಮಕ್ಕಳಿದ್ದಾರೆ. ನಮ್ಮ ಗೋಡೆಗಿಂತ ಮೊದಲು ಅವರ ವಿಷಯ ಆಗಬೇಕು.

ಮನೆ 19 (9.02)
ನಮಸ್ಕಾರ, ನಾನು ಆ ಸೈಟ್ ಮಾಲೀಕರ ತಮ್ಮ. ಅಣ್ಣ ಊರಲ್ಲಿಲ್ಲ. ನಕ್ಷೆ ಕಾಂಟ್ರಾಕ್ಟರ್ ಹತ್ರ ಇದೆ. ಎಲ್ಲ ನಕ್ಷೆ ಪ್ರಕಾರವೇ ನಡೀತಿದೆ ಅಂತ ಅವರು ಹೇಳ್ತಾರೆ. ನಾಡಿದ್ದು ಫೂಟಿಂಗ್ (ಪಿಲ್ಲರ್ ಕೆಳಗಿನ ಪಾಯ) ಕಾಂಕ್ರೀಟ್, ರೆಡಿಮಿಕ್ಸ್ ಲಾರಿ ಬುಕ್ ಆಗಿದೆ. ಈಗ ನಿಲ್ಲಿಸೋದು ಕಷ್ಟ.

ಮನೆ 22 (9.40)
ಈಗ ತಾನೇ 41ರಿಂದ ಬಂದೆ. ಬಿರುಕಿಗೆ ಅಡ್ಡವಾಗಿ ಮೇಲೊಂದು ಕೆಳಗೊಂದು ಗಾಜು ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಪೆನ್ಸಿಲ್ಲಲ್ಲಿ ತಾರೀಖು, ಗಂಟೆ ಬರೆದಿದ್ದೀನಿ. ಗೋಡೆ ಇನ್ನೂ ಸರೀತಿದ್ರೆ ಗಾಜು ಒಡೆಯುತ್ತೆ.

19ರವರೇ, ನಾಡಿದ್ದು ಕಾಂಕ್ರೀಟ್ ಅಂತೀರಲ್ಲ, ಅದಕ್ಕೇ ನಾಳೆನೇ ತಪಾಸಣೆ ಆಗಬೇಕು ಅಂತಿರೋದು. ಫೂಟಿಂಗ್ ಮುಚ್ಚಿ ಮಣ್ಣು ತುಂಬಿದ ಮೇಲೆ ಯಾವ ಎಂಜಿನಿಯರ್ ಬಂದ್ರೂ ಬಣ್ಣ ನೋಡಿ ಹೋಗಬೇಕಷ್ಟೇ. ಕೆಳಗೆ ಗಟ್ಟಿ ನೆಲ ಸಿಕ್ಕಿದೆಯಾ, ಕಂಬಿ ನೆಲಕ್ಕೆ ತಾಗದ ಹಾಗೆ ಕೆಳಗೆ 50 ಮಿ.ಮೀ. ಕವರ್ ಬ್ಲಾಕ್ ಇಟ್ಟಿದ್ದಾರಾ, ಪಿಲ್ಲರ್ ರಿಂಗಿನ ಅಂತರ ನಕ್ಷೆಯಲ್ಲಿ ಇದ್ದ ಹಾಗೇ ಇದೆಯಾ, ಇದೆಲ್ಲ ಈ ಎರಡು ದಿನ ಮಾತ್ರ ಕಣ್ಣಿಗೆ ಕಾಣುತ್ತೆ. ಕಾಂಕ್ರೀಟ್ ಹಾಕೋ ದಿನ ಅದೇ ಕಾಂಕ್ರೀಟನ್ನ 150 ಮಿ.ಮೀ. ಕ್ಯೂಬ್ ಅಚ್ಚಿಗೆ ತುಂಬಿಸಿ, 7 ದಿನಕ್ಕೆ, 28 ದಿನಕ್ಕೆ ಲ್ಯಾಬಲ್ಲಿ ಒಡೆಸಿ, ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಇದು ನಿಮ್ಮ ಅಣ್ಣನ ಮನೆಗೂ ಒಳ್ಳೇದೇ. ಅವರು ಸಾಲ ಮಾಡಿ ಕಟ್ತಿರೋ ಮನೆ.

ಮನೆ 36 (9.47)
22ರ ರಾಯರೇ, ಇಷ್ಟು ಗಂಭೀರ ಅಂತ ತಿಳಿದಿರಲಿಲ್ಲ. ನನ್ನ ಸಹಿನೂ ಹಾಕ್ಕೊಳ್ಳಿ.

ಕಾರ್ಯದರ್ಶಿ (10.05)
ಅರ್ಜಿ ಬರೆದಿದ್ದೀನಿ, ಪ್ರಿಂಟ್ ನಮ್ಮ ಮನೇಲಿದೆ. ಮೂರೇ ಬೇಡಿಕೆ. ಆಸರೆ ಕಟ್ಟೋ ತನಕ ಮಣ್ಣು ತೆಗೆಯೋದು, ಕಾಂಕ್ರೀಟು ಎರಡೂ ನಿಲ್ಲಬೇಕು. ಕಾಂಕ್ರೀಟಿಗೆ ಮುಂಚೆ ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡಿ ವರದಿ ಕೊಡಬೇಕು. ನಕ್ಷೆ ಗೇಟಲ್ಲಿ ಹಾಕಿಸಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ಹಾಗಾಗಿ ವಿಳಾಸ ಬದಲಿಸಿದ್ದೀನಿ, ಹಳೇ ನಮೂನೆ ಯಾರೂ ಕಳಿಸಬೇಡಿ. ಸ್ವೀಕೃತಿ ಸೀಲ್ ಇಲ್ಲದೆ ಅಲ್ಲಿಂದ ಏಳಬಾರದು. ಆರ್‌ಟಿಐ ಕೂಡ ಹಾಕೋಣ, ಆದ್ರೆ ಉತ್ತರಕ್ಕೆ 30 ದಿನ ಇದೆ, ಅಷ್ಟರಲ್ಲಿ ಮೊದಲ ಮೋಲ್ಡೇ (ಛಾವಣಿ ಕಾಂಕ್ರೀಟ್) ಹಾಕಿ ಆಗಿರುತ್ತೆ. ಅದನ್ನೇ ನಂಬಿ ಕೂರೋ ಹಾಗಿಲ್ಲ. ಬೆಳಗ್ಗೆ 10ಕ್ಕೆ ಪಾರ್ಕ್ ಗೇಟ್ ಹತ್ರ ಸೇರೋಣ, ಕಡಿಮೆ ಅಂದ್ರೂ ಹತ್ತು ಜನ ಬರಬೇಕು.

ಮನೆ 19 (10.20)
ಅಣ್ಣನ ಜೊತೆ ಮಾತಾಡಿದೆ. ರೆಡಿಮಿಕ್ಸ್ ಮುಂದಕ್ಕೆ ಹಾಕ್ತೀವಿ. ಶೆಡ್ಡಲ್ಲಿರೋರನ್ನ ಈಗಲೇ ಕರೆದುಕೊಂಡು ಬರ್ತೀನಿ, ಎಲ್ಲಿ ಮಲಗಿಸೋದು ಅಂತ ಗೊತ್ತಾಗ್ತಿಲ್ಲ.

ಮನೆ 63 (10.22)
ಗಣಪತಿ ಕೂರಿಸೋ ಶೆಡ್ ಖಾಲಿ ಇದೆ, ಬೀಗದ ಕೈ ನನ್ನ ಹತ್ರಾನೇ ಇದೆ. ಚಾಪೆ ತರ್ತಿದ್ದೀನಿ.

ಮನೆ 57 (10.24)
ಮಕ್ಕಳಿಗೆ ಅನ್ನ ಸಾರು ಐತಿ. ತರ್ತೀನಿ.

ಮನೆ 41 (ಬೆಳಗ್ಗೆ 5.50)
ಮೇಲಿನ ಗಾಜು ಹಾಗೇ ಇದೆ. ಕೆಳಗಿನದು ಸೀಳಿದೆ. ಅಮ್ಮ ಇನ್ನೂ ಅದೇ ರೂಮಲ್ಲಿ ಮಲಗಿದ್ದಾರೆ.

ಮನೆ 22 (5.52)
ಅವರನ್ನ ಎಬ್ಬಿಸಿ ಮುಂದಿನ ಹಾಲ್‌ಗೆ ಕರ್ಕೊಂಡು ಬನ್ನಿ. ಆ ಗೋಡೆ ಹತ್ರ ಯಾರೂ ಹೋಗಬೇಡಿ. ಚಪ್ಪಲಿ ಹಾಕ್ತಿದ್ದೀನಿ, ಬಂದೆ.