ಸಹಾಯ ಬೇಕು: ನಾಟಿಗೆ ಮೊದಲು ಇಸ್ತ್ರಿಪೆಟ್ಟಿಗೆ, ಹತ್ತಿ ಬಟ್ಟೆ, ಒಬ್ಬ ವೈದ್ಯೆ

ತೀರ್ಥಹಳ್ಳಿ, ಹೊಸನಗರ ಕಡೆಯವರೇ, ಗದ್ದೆ ನಾಟಿಗೆ ಬರುವ ಹೆಂಗಸರಿಗಾಗಿ ಕೇಳುತ್ತಿದ್ದೇವೆ. ಬಳಸದೆ ಬಿಟ್ಟ ಇಸ್ತ್ರಿಪೆಟ್ಟಿಗೆ, ಮೆತ್ತನೆಯ ಹಳೆಯ ಹತ್ತಿ ಸೀರೆ, ಒಂದು ಭಾನುವಾರ ಬಿಡುವು ಮಾಡಿಕೊಳ್ಳುವ ಸ್ತ್ರೀರೋಗ ವೈದ್ಯೆ ಬೇಕು.

ಮಲೆನಾಡಿನ ಜಡಿಮಳೆಯಲ್ಲಿ ಒಳಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ನಾಚಿಕೆಯಿಂದ ಸೀರೆಯಡಿ ಮುಚ್ಚಿ ಹರವಿದ ಮುಟ್ಟಿನ ಬಟ್ಟೆಗೆ ಗಾಳಿಯೇ ತಾಗದು. ಮುಟ್ಟಿ ನೋಡಿದರೆ ಒಣಗಿದಂತಿದ್ದರೂ ಮಡಚಿದ ಅಂಚು, ಹೊಲಿಗೆಯಲ್ಲಿ ತಣಸು ಉಳಿದಿರುತ್ತದೆ. ಅದನ್ನೇ ಉಟ್ಟು ಕೆಸರಲ್ಲಿ ದಿನವಿಡೀ ಬಗ್ಗಿದರೆ ತೊಡೆಸಂದಿಯಲ್ಲಿ ಹುಳುಕಡ್ಡಿ ಸುಲಭವಾಗಿ ಬರುತ್ತದೆ. ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಒಣಗಿಸಿ, ಆಮೇಲೆ ಹೊಲಿಗೆಯ ಮೇಲೆ ಬಿಸಿ ಇಸ್ತ್ರಿ ಒತ್ತಬೇಕು. ಇಸ್ತ್ರಿಪೆಟ್ಟಿಗೆ ಕೇಳುತ್ತಿರುವುದು ಇದಕ್ಕೇ.

ವೈದ್ಯೆ ಏಕೆಂದರೆ, ಎಲ್ಲ ಬಿಳಿಸೆರಗೂ ಒಂದೇ ಅಲ್ಲ. ಮೊಸರು ಒಡೆದಂತೆ ಗಟ್ಟಿಯಾಗಿ, ತುರಿಕೆಯಿದ್ದರೆ ಸಾಮಾನ್ಯವಾಗಿ ಫಂಗಸ್. ತೆಳ್ಳಗೆ ಬೂದುಬಣ್ಣ, ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾ. ಅದಕ್ಕೆ ಫಂಗಸ್ ಮಾತ್ರೆ ನಾಟದು. ಹಸಿರು-ಹಳದಿ ನೊರೆಯಿದ್ದರೆ ಪರೀಕ್ಷೆ ಬೇಕು, ಟ್ರೈಕೊಮೊನಾಸ್ (ಸಂಭೋಗದಿಂದ ಹರಡುವ ಸೂಕ್ಷ್ಮಜೀವಿ) ಎಂದಾದರೆ ಗಂಡನಿಗೂ ಔಷಧ ಬೇಕು. ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ ಭಾನುವಾರಕ್ಕೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ತುರಿಕೆಗೆ ಅಂಗಡಿಯ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ನಾಲ್ಕು ದಿನ ಹಾಯೆನಿಸಿ, ಹುಳುಕಡ್ಡಿ ಇನ್ನೂ ಅಗಲಕ್ಕೆ ಹರಡುತ್ತದೆ. ಸೋಪು, ಡೆಟಾಲ್ ಒಳಗೆ ಹಾಕಿ ತೊಳೆಯುವುದೂ ಬೇಡ, ಯೋನಿಯ ಆಮ್ಲೀಯತೆ (ಪಿಎಚ್ 3.8ರಿಂದ 4.5) ಕೆಟ್ಟು ಕಾಯುವ ಬ್ಯಾಕ್ಟೀರಿಯಾವೇ ಸಾಯುತ್ತದೆ. ಹೊರಗೆ ಬರೀ ನೀರು ಸಾಕು.

ಏನು ಕೊಡಬಲ್ಲಿರಿ, ಯಾವ ಊರಿನಿಂದ ಎಂದು ಇಲ್ಲೇ ಬರೆಯಿರಿ. ಬಟ್ಟೆ ಒಗೆದು, ಪೂರ್ತಿ ಒಣಗಿಸಿ ಕೊಡಿ.