ಸ್ಟ್ಯಾಟಿಕ್ಸ್: ಬೋರ್ಡ್ ಮೇಲೆ ಅರ್ಥ ಆಗುತ್ತೆ, ಮನೇಲಿ ಕೂತ್ರೆ ಒಂದು ಲೆಕ್ಕಾನೂ ಬರಲ್ಲ

ಆಲೂರು_ಹುಡುಗ:
ಎಲ್ರಿಗೂ ನಮಸ್ಕಾರ. ನಾನು ಹಾಸನದಲ್ಲಿ ಸಿವಿಲ್ ಮೊದಲ್ನೇ ವರ್ಷ, ದಿನಾ ಆಲೂರಿಂದ ಬಸ್ಸಲ್ಲಿ ಓಡಾಡ್ತೀನಿ. ಮೆಕ್ಯಾನಿಕ್ಸ್‌ನಲ್ಲಿ ಸ್ಟ್ಯಾಟಿಕ್ಸ್ ಭಾಗ, ಅಂದ್ರೆ ಅಲುಗಾಡದೆ ನಿಂತಿರೋ ವಸ್ತುಗಳ ಮೇಲಿನ ಬಲಗಳ ಲೆಕ್ಕ, ನಂಗೆ ತುಂಬಾ ಕಷ್ಟ ಆಗ್ತಿದೆ. ಸರ್ ಬೋರ್ಡ್ ಮೇಲೆ ಮಾಡ್ವಾಗ ಪ್ರತಿ ಸಾಲೂ ಅರ್ಥ ಆಗುತ್ತೆ, ಅದೇ ಲೆಕ್ಕಾನ ರಾತ್ರಿ ಮನೇಲಿ ಪುಸ್ತಕ ಮುಚ್ಚಿಟ್ಟು ಮಾಡಕ್ಕೆ ಹೋದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಹೊಳೆಯಲ್ಲ, ಬಲ ತೋರಿಸೋ ಬಾಣದ ಗುರುತು ಮೇಲಕ್ಕೆ ಹಾಕ್ಲಾ ಕೆಳಕ್ಕೆ ಹಾಕ್ಲಾ ಅಂತ ಯೋಚ್ನೆ ಮಾಡ್ತಾನೇ ಅರ್ಧ ಗಂಟೆ ಹೋಗುತ್ತೆ.

ಹೋದ ಇಂಟರ್ನಲ್ಸ್‌ನಲ್ಲಿ ಒಂದು ಬೀಮ್ ಕೊಟ್ಟಿದ್ರು. ಎ ಹತ್ರ ಹಿಂಜ್, 4 ಮೀಟರ್ ದೂರದಲ್ಲಿ ಬಿ ಹತ್ರ ರೋಲರ್, ಅದನ್ನ ದಾಟಿ ಇನ್ನೂ 2 ಮೀಟರ್ ಬೀಮ್ ಹೊರಗೆ ಚಾಚಿದೆ, ಆ ತುದೀಲಿ 10 ಕಿಲೋನ್ಯೂಟನ್ ಲೋಡ್. ಸಪೋರ್ಟ್ ಬೀಮ್‌ಗೆ ಕೊಡೋ ಬಲ, ಅಂದ್ರೆ ರಿಯಾಕ್ಷನ್, ಬಿ ಹತ್ರ 15 ಬಂತು, ಎ ಹತ್ರ ಮೈನಸ್ 5 ಬಂತು. ಮೈನಸ್ ಬಂದ್ರೆ ತಪ್ಪು ಅಂದ್ಕೊಂಡು ಎಲ್ಲ ಅಳಿಸಿ ಇನ್ನೊಂದು ಸಲ ಮಾಡ್ದೆ, ಟೈಮ್ ಮುಗೀತು, ಪೂರ್ತಿ ಮಾರ್ಕ್ಸ್ ಹೋಯ್ತು. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಅದಕ್ಕೇ ಹಿಂಗಾಗ್ತಿದೆಯಾ ಅನ್ಸುತ್ತೆ. ಸಾಲ್ವ್ಡ್ ಪ್ರಾಬ್ಲಮ್ಸ್ ಬಾಯಿಪಾಠ ಮಾಡಿದ್ರೆ ಸಾಕು ಅಂತಾರೆ ಫ್ರೆಂಡ್ಸು. ದಯವಿಟ್ಟು ಯಾರಾದ್ರೂ ದಾರಿ ಹೇಳಿ.

ಮೂಡಿಗೆರೆ_ಸಿವಿಲ್:
ತಮ್ಮಾ, ಮೊದಲು ಒಂದು ಮಾತು, ನೀನು ಅಳಿಸಿದ ಉತ್ತರಾನೇ ಸರಿ. 15, ಮೈನಸ್ 5, ಎರಡೂ ಸರಿ. ಎ ಹತ್ರ ಬಾಣ ಮೇಲಕ್ಕೆ ಅಂತ ನೀನು ಊಹೆ ಮಾಡಿದ್ದೆ, ಮೈನಸ್ ಅಂದ್ರೆ ಊಹೆ ತಿರುವಾಗಿದೆ, ಬಾಣ ಕೆಳಕ್ಕೆ ಅಂತ ಅಷ್ಟೇ. ಮರದ ಬೆಂಚಿನ ತುದೀಲಿ, ಕಾಲಿಗಿಂತ ಆಚೆ ಕೂತ್ರೆ ಇನ್ನೊಂದು ಕಡೆ ಎದ್ದೇಳುತ್ತಲ್ಲ, ಅದನ್ನ ಕೆಳಕ್ಕೆ ಒತ್ತಿ ಹಿಡೀಬೇಕಲ್ಲ, ಅದೇ ಈ 5 ಕಿಲೋನ್ಯೂಟನ್. ಮೇಲಕ್ಕೆ 15, ಕೆಳಕ್ಕೆ 10 ಮತ್ತೆ 5, ಸರಿಹೋಯ್ತಾ? ಅಲ್ಲಿ ಹಿಂಜ್ ಇರೋದ್ರಿಂದ ಹಿಡ್ಕೊಳುತ್ತೆ, ಬರೀ ಸುಮ್ನೆ ಕೂರಿಸಿದ್ರೆ ಬೀಮ್ ಮಗುಚುತ್ತೆ. ಈಗ ನಾನು ಸೈಟಲ್ಲಿದೀನಿ, ಸಜ್ಜಾ ಕಾಂಕ್ರೀಟ್ ಹಾಕಿ ಹಿಂದುಗಡೆ ಗೋಡೆ ತೂಕ ಬರೋದಕ್ಕೆ ಮುಂಚೇನೇ ಸಪೋರ್ಟ್ ಬಿಚ್ಚಬೇಡಿ ಅಂತ ಮೇಸ್ತ್ರಿಗಳಿಗೆ ಹೇಳೋದು ಇದೇ ಮೈನಸ್ 5ರ ಕಾರಣಕ್ಕೆ.

ಬಾಣ ಯಾವ ಕಡೆ ಅಂತ ಅರ್ಧ ಗಂಟೆ ಕೂರಬೇಡ. ಯಾವುದೋ ಒಂದು ಕಡೆ ಹಾಕು, ಲೆಕ್ಕ ಮುಗಿಯೋವರೆಗೂ ಅದನ್ನ ಬದಲಾಯಿಸ್ಬೇಡ, ಕೊನೇಲಿ ಚಿಹ್ನೆನೇ ಹೇಳುತ್ತೆ. ಮೀಡಿಯಂ ಬಗ್ಗೆ ಕೊರಗಬೇಡ, ನಂದೂ ಕನ್ನಡ ಮೀಡಿಯಮ್ಮೇ. ಬಾಯಿಪಾಠ ಮಾತ್ರ ಬೇಡ, ಪರೀಕ್ಷೇಲಿ ಒಂದು ಸಪೋರ್ಟ್ ಆ ಕಡೆ ಈ ಕಡೆ ಮಾಡಿದ್ರೆ ಬಾಯಿಪಾಠ ಕೈ ಕೊಡುತ್ತೆ.

ಮೆಕ್ಯಾನಿಕ್ಸ್_ಮೇಡಂ:
ನಾನು ಚಿಕ್ಕಮಗಳೂರಲ್ಲಿ ಇದೇ ಸಬ್ಜೆಕ್ಟ್ ಪಾಠ ಮಾಡ್ತೀನಿ. ನಿಮ್ಮ ಪ್ರಶ್ನೆ ಪ್ರತಿ ವರ್ಷ ಕೇಳ್ತೀನಿ, ನನ್ನ ಅನುಭವದಲ್ಲಿ ತೊಂದರೆ ಇರೋದು ಸಮೀಕರಣದಲ್ಲಿ ಅಲ್ಲ, ಅದಕ್ಕಿಂತ ಮುಂಚೆ. ಬೋರ್ಡ್ ಮೇಲೆ ನಾವು ಚಿತ್ರ ಬರೆದು ಮುಗಿಸಿದ ಮೇಲೇನೇ ಹುಡುಗರು ನೋಟ್ಸ್‌ಗೆ ಇಳಿಸ್ಕೋತಾರೆ, ಚಿತ್ರ ಹೆಂಗೆ ಹುಟ್ತು ಅಂತ ಯಾರೂ ನೋಡಲ್ಲ.

ಫ್ರೀ ಬಾಡಿ ಡಯಾಗ್ರಾಂ ಅಂದ್ರೆ ಆ ವಸ್ತುನ ಅದು ತಾಗಿರೋ ಎಲ್ಲದ್ರಿಂದಲೂ ಬಿಡಿಸಿ ಖಾಲಿ ಹಾಳೆ ಮೇಲೆ ಒಂಟಿಯಾಗಿ ಬರೆಯೋದು. ಬಿಡಿಸಿದ ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿ: ಇಲ್ಲಿದ್ದದ್ದು ಏನನ್ನ ತಡೀತಿತ್ತು? ರೋಲರ್ ತಾನು ಕೂತಿರೋ ನೆಲದೊಳಕ್ಕೆ ಇಳಿಯೋದನ್ನ ಮಾತ್ರ ತಡೆಯುತ್ತೆ, ಅದಕ್ಕೆ ನೆಲಕ್ಕೆ ಲಂಬವಾಗಿ ಒಂದೇ ಬಾಣ. ಹಿಂಜ್ ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲೂ ಹೋಗಕ್ಕೆ ಬಿಡಲ್ಲ ಆದ್ರೆ ತಿರುಗಕ್ಕೆ ಬಿಡುತ್ತೆ, ಎರಡು ಬಾಣ. ಫಿಕ್ಸೆಡ್ ಸಪೋರ್ಟ್ ತಿರುಗೋದನ್ನೂ ತಡೆಯುತ್ತೆ, ಎರಡು ಬಾಣದ ಜೊತೆ ಒಂದು ಮೊಮೆಂಟ್, ಅಂದ್ರೆ ತಿರುಗಿಸೋ ಪರಿಣಾಮ (ಬಲ ಗುಣಿಸು ಲಂಬ ದೂರ). ಹಗ್ಗ ಎಳೆಯುತ್ತೆ, ಯಾವತ್ತೂ ತಳ್ಳಲ್ಲ. ಆಮೇಲೆ ವಸ್ತುವಿನ ತೂಕ, ಕೊಟ್ಟಿರೋ ಲೋಡ್. ಒಂದೇ ಸಮತಲದ ಲೆಕ್ಕದಲ್ಲಿ ಒಂದು ವಸ್ತುವಿಗೆ ಸಿಗೋದು ಮೂರೇ ಸಮೀಕರಣ (ಅಡ್ಡ ಬಲಗಳ ಮೊತ್ತ ಸೊನ್ನೆ, ಲಂಬ ಬಲಗಳ ಮೊತ್ತ ಸೊನ್ನೆ, ಮೊಮೆಂಟ್‌ಗಳ ಮೊತ್ತ ಸೊನ್ನೆ), ಗೊತ್ತಿಲ್ದೆ ಇರೋದು ಮೂರಕ್ಕಿಂತ ಜಾಸ್ತಿ ಕಂಡ್ರೆ ಅಲ್ಲೇ ನಿಂತು ಚಿತ್ರ ಮತ್ತೆ ನೋಡಿ.

ಮೊಮೆಂಟ್ ಯಾವ ಬಿಂದುವಿನಲ್ಲಿ ತಗೊಂಡ್ರೂ ಉತ್ತರ ಅದೇ, ಆದ್ರೆ ಗೊತ್ತಿಲ್ಲದ ಬಲಗಳು ಹೆಚ್ಚು ಎಲ್ಲಿ ಸೇರುತ್ವೋ ಅಲ್ಲಿ ತಗೊಂಡ್ರೆ ದೂರ ಸೊನ್ನೆ ಆಗಿ ಅವೆಲ್ಲ ಒಂದೇ ಏಟಿಗೆ ಮಾಯ ಆಗ್ತವೆ.

ಬೇಲೂರಿನವ:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ 42 ಅಡಿ ದೀಪಸ್ತಂಭ ಇದೆಯಲ್ಲ, ಜಗಲಿ ಮೇಲೆ ತನ್ನ ತೂಕದಲ್ಲೇ ನಿಂತಿರೋದು, ಗೈಡ್‌ಗಳು ಬುಡದ ಸಂದೀಲಿ ಪೇಪರ್ ತೂರಿಸಿ ತೋರಿಸ್ತಾರೆ. ನಾನು ಮೊದಲು ಫ್ರೀ ಬಾಡಿ ಬರೆದಿದ್ದು ಅದಕ್ಕೆ. ಬರೀ ಎರಡೇ ಬಾಣ, ತೂಕ ಕೆಳಕ್ಕೆ, ಕಲ್ಲು ಕೊಡೋ ರಿಯಾಕ್ಷನ್ ಮೇಲಕ್ಕೆ, ಎರಡೂ ಒಂದೇ ಗೆರೆ ಮೇಲೆ. ಪಕ್ಕಕ್ಕೆ ತಳ್ಳಿದ್ರೆ ರಿಯಾಕ್ಷನ್ ಅಂಚಿನ ಕಡೆ ಸರಿಯುತ್ತೆ, ತೂಕದ ಗೆರೆ ಬುಡದ ಅಂಚು ದಾಟೋವರೆಗೂ ಬೀಳಲ್ಲ. ಆ ಕಂಬದ ಮುಂದೆ ನಿಂತಾಗ ನಂಗೆ ಈ ಸಬ್ಜೆಕ್ಟ್ ಮೇಲೆ ಪ್ರೀತಿ ಬಂತು, ನಿಜವಾಗ್ಲೂ.

ಆಲೂರು_ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೈನಸ್ 5 ಸರಿ ಅಂತ ಓದಿ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳಕ್ಕಾಗಲ್ಲ. ನಮ್ಮನೇಲಿ ಸಿಲ್ವರ್ ಮರಕ್ಕೆ ಮೆಣಸು ಬಳ್ಳಿ ಹಬ್ಬಿಸಿದೀವಿ, ಅಪ್ಪ ಏಣಿ ಹತ್ತಿದ್ರೆ ನಾನು ಬುಡ ಹಿಡ್ಕೊಂಡು ನಿಲ್ಲೋದು, ಮೇಲೆ ಹೋದಷ್ಟೂ ಬುಡ ಜಾರಕ್ಕೆ ನೋಡುತ್ತೆ ಗಟ್ಟಿ ಹಿಡ್ಕೋ ಅಂತ ಕೂಗ್ತಿರ್ತಾರೆ. ಅದನ್ನೇ ಬರೀಲಾ ಮೇಡಂ?

ಮೆಕ್ಯಾನಿಕ್ಸ್_ಮೇಡಂ:
ಅದಕ್ಕಿಂತ ಒಳ್ಳೆ ಲೆಕ್ಕ ಬೇಕಾ! ಬರೀರಿ. ಏಣಿ 20 ಅಡಿ, ಏಣಿ ಬುಡ ಮರದಿಂದ 10 ಅಡಿ ದೂರ, ಅಂದ್ರೆ ನೆಲಕ್ಕೆ 60 ಡಿಗ್ರಿ. ಅಪ್ಪನ ತೂಕ 600 ನ್ಯೂಟನ್, ಏಣಿ ತೂಕ 150 ನ್ಯೂಟನ್ ಅಂತ ಇಟ್ಕೊಳ್ಳಿ. ಸದ್ಯಕ್ಕೆ ಮರ ನುಣುಪು ಅಂದ್ಕೊಳ್ಳಿ, ಅಲ್ಲಿ ಅಡ್ಡಕ್ಕೆ ಒಂದೇ ಬಾಣ. ಮೇಲೆ ಹಗ್ಗ ಕಟ್ಟೋದನ್ನೂ ಈಗ ಬಿಡಿ. ಮೊಮೆಂಟ್ ಬುಡದಲ್ಲಿ ತಗೊಳ್ಳಿ.

ಆಲೂರು_ಹುಡುಗ:
ಮಾಡ್ದೆ ಮೇಡಂ, ಪುಸ್ತಕ ನೋಡಲಿಲ್ಲ. ಬುಡದಲ್ಲಿ ಮೊಮೆಂಟ್ ತಗೊಂಡಾಗ ನೆಲದ ರಿಯಾಕ್ಷನ್ನು ಫ್ರಿಕ್ಷನ್ನು ಎರಡೂ ಹೋಯ್ತು, ಮರದ ತಳ್ಳು ಒಂದೇ ಉಳೀತು. ಅಪ್ಪ ಏಣಿ ಅರ್ಧಕ್ಕಿದ್ದಾಗ ಅಪ್ಪನ ತೂಕದಿಂದ 173, ಏಣಿ ತೂಕದಿಂದ 43, ಒಟ್ಟು ಸುಮಾರು 216 ನ್ಯೂಟನ್. ತುದೀಲಿದ್ದಾಗ 346 ಮತ್ತೆ 43, ಸುಮಾರು 390. ಇಷ್ಟನ್ನೂ ಬುಡದಲ್ಲಿ ಫ್ರಿಕ್ಷನ್ನೇ ತಡೀಬೇಕು, ಆದ್ರೆ ನೆಲದ ರಿಯಾಕ್ಷನ್ ಎರಡೂ ಸಲ 750ಏ. ಮ್ಯೂ, ಅಂದ್ರೆ ಘರ್ಷಣೆ ಗುಣಾಂಕ, ಕಮ್ಮಿ ಅಂದ್ರೂ 390/750, ಸುಮಾರು 0.52 ಬೇಕು. ಅಪ್ಪ ಮೇಲೆ ಹೋದಾಗ ಕೂಗೋದು ಯಾಕೆ ಅಂತ ಈಗ ಗೊತ್ತಾಯ್ತು.

ಮೂಡಿಗೆರೆ_ಸಿವಿಲ್:
ಭೇಷ್! ಈಗ ಬುಡ 5 ಅಡಿಗೆ ತಂದು ಹಾಕಿ ನೋಡು, ಏಣಿ ಅದೇ 20 ಅಡಿ.

ಆಲೂರು_ಹುಡುಗ:
ಎತ್ತರ 19.4 ಅಡಿ ಆಯ್ತು ಅಣ್ಣ. ತುದೀಲಿದ್ರೂ ಫ್ರಿಕ್ಷನ್ 174 ನ್ಯೂಟನ್ ಸಾಕು, ಮ್ಯೂ 0.23. ಅರ್ಧಕ್ಕರ್ಧಕ್ಕಿಂತ ಕಮ್ಮಿ! ನಾಳೆ ಭಾನುವಾರ ಕೊಯ್ಲಿದೆ, ಏಣಿ ನಾನೇ ಇಡ್ತೀನಿ.